ಕೀಟೊ ನಗರದ ಹುಟ್ಟುಹಬ್ಬ: ಚಿವಾ ಹತ್ತುವ ಮುನ್ನ ಓದಿ

ಈಕ್ವೆಡಾರ್ ರಾಜಧಾನಿ ಕೀಟೊವನ್ನು ಸ್ಪೇನಿನವರು ಸ್ಥಾಪಿಸಿದ್ದು 1534ರ ಡಿಸೆಂಬರ್ 6ರಂದು. ಹಾಗಾಗಿ ಎಲ್ಲರೂ 6ಕ್ಕೆ ಲೆಕ್ಕ ಹಾಕಿ ಟಿಕೆಟ್ ಮಾಡಿಸುತ್ತಾರೆ. ಸಂಗೀತ ಕೇಳಬೇಕೆಂದರೆ 5ರ ರಾತ್ರಿಯೇ ಅಲ್ಲಿರಬೇಕು. ರಾತ್ರಿಯಿಡೀ ಕುಣಿದ ಊರು 6ರ ಬೆಳಿಗ್ಗೆ ತಡವಾಗಿ ಏಳುತ್ತದೆ.

ಮೋಸ ಹೋಗುವುದು ಚಿವಾದಲ್ಲಿ. ಪಕ್ಕ ತೆರೆದ, ಮರದ ಬೆಂಚಿನ ಬಣ್ಣಬಣ್ಣದ ಬಸ್ಸು. ಚಾವಣಿಯ ಮೇಲೆ ಬ್ಯಾಂಡ್ ಕೂತು ನುಡಿಸುತ್ತ ಊರು ಸುತ್ತುವುದು ಪದ್ಧತಿ. ಆದರೆ ಪ್ರವಾಸಿಗರಿಗೆ ಮಾರುವ ಎಷ್ಟೋ ಚಿವಾಗಳಲ್ಲಿ ಬ್ಯಾಂಡೇ ಇರುವುದಿಲ್ಲ, ದೊಡ್ಡ ಸ್ಪೀಕರಿನಲ್ಲಿ ಕ್ಲಬ್ಬಿನ ಹಾಡು ಕಿರುಚುತ್ತಿರುತ್ತದೆ. ದುಡ್ಡು ಕೊಡುವ ಮುನ್ನ "ಬಂಡಾ ಎನ್ ವೀವೊ?" (ಬ್ಯಾಂಡ್ ಎದುರಿಗೇ ನುಡಿಸುತ್ತದೆಯೇ?) ಎಂದು ಕೇಳಿ, ವಾದ್ಯದವರು ಚಾವಣಿ ಹತ್ತಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಕೊಡಿ. ಬ್ಯಾಂಡ್ ಇದ್ದರೂ ಒಳಗೆ ಕೂತವರಿಗೆ ಕೇಳುವುದು ಹೆಚ್ಚಾಗಿ ತಲೆಯ ಮೇಲಿನ ದೊಡ್ಡ ಡೋಲಿನ ಸದ್ದು. ರಾಗ ಬೇಕಿದ್ದರೆ ರಸ್ತೆಯಲ್ಲಿ ನಿಂತು ಕೇಳುವುದೇ ಲೇಸು.

ಅದಕ್ಕಿಂತ ಸೊಗಸು ಬಡಾವಣೆಗಳ 'ಬಂಡಾ ದೆ ಪುವೆಬ್ಲೊ' (ಊರ ಬ್ಯಾಂಡ್). ಟ್ರಂಪೆಟ್, ಸ್ಯಾಕ್ಸೊಫೋನ್, ಕ್ಲಾರಿನೆಟ್, ತಾಳ, ಡೋಲು. ಮೈಕ್ ಇಲ್ಲ, ಟಿಕೆಟ್ಟೂ ಇಲ್ಲ. ಎದುರುಗಡೆ ನಿಂತರೆ ತುತ್ತೂರಿಗಳು ಉಳಿದೆಲ್ಲವನ್ನೂ ಮುಳುಗಿಸುತ್ತವೆ, ಸ್ವಲ್ಪ ಓರೆಯಾಗಿ ನಿಲ್ಲಿ. ಅವರು ನುಡಿಸುವ ಕುಣಿತದ ಧಾಟಿಗಳಲ್ಲಿ ಪಾಸಾಕಾಯೆ ಮತ್ತು ಸಾನ್‌ಹ್ವಾನಿತೊ ಎರಡೆಣಿಕೆಯವು, ಹೆಜ್ಜೆ ತಾನಾಗಿ ಸಿಗುತ್ತದೆ. ಆಲ್ಬಾಸೊ 6/8ರದು, ನಮ್ಮ ತಿಶ್ರ ನಡೆಗೆ ಹತ್ತಿರ. ಪಸೀಯೊ ಎಂಬ ಹಾಡಿನ ಬಗೆ ಮಾತ್ರ ನಿಧಾನದ, ವಿಷಾದದ ಮೂರೆಣಿಕೆ. 2021ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿ ಸೇರಿತು. ಅದು ಗಿಟಾರು, ರೆಕಿಂತೊ (ಚಿಕ್ಕ ಗಿಟಾರು) ಜೊತೆ ಚಿಕ್ಕ ಕೋಣೆಯಲ್ಲಿ ಅರಳುವ ಸಂಗೀತ. ಅದನ್ನು ಲಾ ರೋಂಡಾ ಬೀದಿಯ ಗದ್ದಲದಲ್ಲಿ ಹುಡುಕಬೇಡಿ. ಆ ಸಂದಿಯಲ್ಲಿ 5ರ ರಾತ್ರಿ ಭುಜಕ್ಕೆ ಭುಜ ತಾಗುತ್ತದೆ, ಜನಜಂಗುಳಿ ಆಗದವರಿಗೆ ಅದು ಹಿಂಸೆಯೇ.

ಹೊಟ್ಟೆಯ ಚಿಂತೆ ಬೇಡ. ಪೇಟೆಯ ಮಾರುಕಟ್ಟೆಗಳ ಒಳಗಿನ ಊಟದ ಕಟ್ಟೆಗಳಲ್ಲಿ 3 ಡಾಲರ್ ಆಸುಪಾಸಿಗೆ ಸೂಪು, ಅನ್ನದ ತಟ್ಟೆ, ಹಣ್ಣಿನ ರಸ. ಮಧ್ಯಾಹ್ನ 12ಕ್ಕೇ ಹೋಗಿ, ತಡವಾದರೆ ಪಾತ್ರೆ ಖಾಲಿ. ಆಲೂಗಡ್ಡೆ, ಹಾಲು, ಚೀಸ್ ಹಾಕಿ ಗಟ್ಟಿಯಾಗಿ ಕುದಿಸಿ ಮೇಲೆ ಬೆಣ್ಣೆಹಣ್ಣಿನ ಹೋಳಿಡುವ ಲೋಕ್ರೊ ದೆ ಪಾಪಾಸ್, ಆ ಚಳಿಗೆ ಹೇಳಿ ಮಾಡಿಸಿದ್ದು. ಒಂದು ಬಟ್ಟಲು ಕುಡಿದರೆ ಸಂಜೆವರೆಗೆ ಹಸಿವಿಲ್ಲ. ಸಸ್ಯಾಹಾರಿಗಳು "ಸಿನ್ ಕಾರ್ನೆ" (ಮಾಂಸ ಬೇಡ) ಅಂದರೆ ಸಾಲದು; ಕೋಳಿಯನ್ನು ಅಲ್ಲಿ ಬೇರೆಯಾಗಿ ಎಣಿಸುತ್ತಾರೆ, ಸೂಪಿನ ನೀರು ಮಾಂಸದ್ದಾಗಿರಬಹುದು. "ಸಿನ್ ಪೊಯೊ, ಸಿನ್ ಕಾಲ್ದೊ ದೆ ಕಾರ್ನೆ" (ಕೋಳಿ ಬೇಡ, ಮಾಂಸದ ಸಾರು ಬೇಡ) ಎಂದೂ ಸೇರಿಸಿ. ಬೀದಿಯಲ್ಲಾದರೆ ಹುರಿದ ಮೆಕ್ಕೆಜೋಳ, ಈರುಳ್ಳಿ, ನಿಂಬೆರಸ ಬೆರೆಸಿದ ಚೋಚೊ ಕಾಳು ನಿಶ್ಚಿಂತೆಯ ತಿಂಡಿ.

ಊರು 2,850 ಮೀಟರ್ ಎತ್ತರದಲ್ಲಿದೆ. ಇಳಿದ ದಿನವೇ ಕಾನೆಲಾಸೊ (ದಾಲ್ಚಿನ್ನಿ, ಹುಳಿ ನರಂಹೀಯಾ ಹಣ್ಣು, ಕಬ್ಬಿನ ಸಾರಾಯಿ ಕುದಿಸಿದ ಬಿಸಿ ಪೇಯ) ಕುಡಿದರೆ ತಲೆನೋವು ಹೆಚ್ಚುತ್ತದೆ. ಎರಡು ದಿನ ಮುಂಚೆ ಬನ್ನಿ, ಇಲ್ಲವೇ "ಸಿನ್ ಲಿಕೋರ್" (ಸಾರಾಯಿ ಹಾಕದ್ದು) ಕೇಳಿ.

ಕೋಣೆಯನ್ನು ಹಳೇ ಪೇಟೆಯಲ್ಲಿ ಹಿಡಿಯಬೇಡಿ. ದರ ಏರಿರುತ್ತದೆ, ರಸ್ತೆ ಮುಚ್ಚಿದರೆ ಟ್ಯಾಕ್ಸಿ ಬರದು, ಏರುದಾರಿಯಲ್ಲಿ ಸೂಟ್‌ಕೇಸ್ ಎಳೆಯಬೇಕು. ಊರಿನ ಉತ್ತರದ ಇನ್ಯಾಕಿಟೊ ಕಡೆ ಉಳಿದರೆ ಮೆಟ್ರೊ ಹಳೇ ಪೇಟೆಯ ಸಾನ್ ಫ್ರಾನ್ಸಿಸ್ಕೊ ಚೌಕಕ್ಕೇ ಇಳಿಸುತ್ತದೆ. ಟಿಕೆಟ್ 45 ಸೆಂಟ್. ಹಿಂತಿರುಗುವ ಟಿಕೆಟನ್ನೂ ಹೋಗುವಾಗಲೇ ಕೊಳ್ಳಿ, ಕೊನೆಯ ರೈಲಿನ ಸಮಯವನ್ನು ಅಲ್ಲೇ ಕೇಳಿಕೊಳ್ಳಿ. ಜೇಬಿನಲ್ಲಿ 1 ಮತ್ತು 5 ಡಾಲರ್ ಚಿಲ್ಲರೆ ಇರಲಿ, 20ರ ನೋಟಿಗೇ ಚಿಲ್ಲರೆ ಸಿಗುವುದು ಕಷ್ಟ.