ಆ ಗೋಡೆ ಒಡೆಯುವ ಮೊದಲು

12 ಜೂನ್ 2024, ಬುಧವಾರ

ಮೇಜು ಎಣಿಸುವ ಕೆಲಸ ಇವತ್ತಿಗೆ ಮುಗಿಯಿತು. ಐದು ದಿನದಿಂದ ಗಂಟೆಗೊಂದು ಸಲ ಮೂರು ಮಹಡಿ ಸುತ್ತಿ, ಯಾವ ಕುರ್ಚಿಯಲ್ಲಿ ಜನ ಇದ್ದಾರೆ, ಯಾವುದು ಖಾಲಿ ಅಂತ ನಕ್ಷೆಯ ಮೇಲೆ ಗುರುತು ಹಾಕಿದೆ. ಸ್ಥಳೀಯ ಸಂಸ್ಥೆಯೊಂದರ ಕಚೇರಿ ಇದು. ವಿಭಾಗಗಳನ್ನೆಲ್ಲ ಒಂದೇ ತೆರೆದ ಜಾಗಕ್ಕೆ ತಂದು, ಮೇಜುಗಳನ್ನು ಹಂಚಿಕೊಂಡು ಕೂರುವ ಹಾಗೆ ಮಾಡಿ ಅಂತ ನಮಗೆ ಹೇಳಿದ್ದಾರೆ.

ಎಂಜಿನಿಯರುಗಳ ಸಾಲು 11 ಗಂಟೆಗೆಲ್ಲ ಖಾಲಿ. ರಸ್ತೆ, ಒಳಚರಂಡಿ ಅಂತ ಎಲ್ಲರೂ ಹೊರಗೆ. ಅವರಿಗೆ ತಲೆಗೊಂದು ಮೇಜು ಬೇಕಿಲ್ಲ. ನಕ್ಷೆ ಹರಡಲು ಒಂದು ದೊಡ್ಡ ಮೇಜು, ಕೆಸರಾದ ಬೂಟು ಇಡಲು ಬೀಗ ಹಾಕುವ ಕಪಾಟು ಇದ್ದರೆ ಸಾಕು. ತೆರಿಗೆ ವಿಭಾಗದಲ್ಲಿ ಹಾಗಲ್ಲ, ದಿನವಿಡೀ ಒಂದು ಕುರ್ಚಿಯೂ ಖಾಲಿಯಾಗಲಿಲ್ಲ. ಹತ್ತು ಜನಕ್ಕೆ ಏಳು ಮೇಜು ಅಂತ ಎಲ್ಲರಿಗೂ ಒಂದೇ ಲೆಕ್ಕ ಹಾಕಿದರೆ ಇವರಿಗೆ ಅನ್ಯಾಯ, ಅಲ್ವಾ?

ಮಧ್ಯಾಹ್ನ ನೋಡಿದ್ದು ಇನ್ನೂ ಕಣ್ಣ ಮುಂದಿದೆ. ತೆರಿಗೆ ವಿಭಾಗದ ಮೇಡಂ ಒಬ್ಬರು ಫೋನಿನಲ್ಲಿದ್ದರು. ಆ ಕಡೆ ಯಾರೋ ಬಾಕಿ ಕಟ್ಟಲಾಗದೆ ಅಳುತ್ತಿದ್ದರು ಅಂತ ಕಾಣುತ್ತೆ. ಇವರು ಗೋಡೆ ಕಡೆ ತಿರುಗಿ, ಅಂಗೈಯನ್ನು ಬಾಯಿಗೆ ಮರೆ ಮಾಡಿಕೊಂಡು, "ಅಳಬೇಡಿಮ್ಮಾ, ಕಂತು ಮಾಡಿಕೊಡೋಣ" ಅಂತ ಪಿಸುಗುಟ್ಟುತ್ತಿದ್ದರು.

ನಾವು ಒಡೆಯಲು ಗುರುತು ಹಾಕಿರುವುದು ಅದೇ ಗೋಡೆ.

ಗೋಡೆ ತೆಗೆದರೆ ಜನ ಜಾಸ್ತಿ ಮಾತಾಡುತ್ತಾರೆ ಅನ್ನುವ ನಂಬಿಕೆಯೇ ಅಷ್ಟು ಗಟ್ಟಿಯಲ್ಲ. ಹಾರ್ವರ್ಡ್‌ನ ಬರ್ನ್‌ಸ್ಟೀನ್ ಮತ್ತು ಟರ್ಬನ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೆರೆದ ಕಚೇರಿಗೆ ಬಂದ ಮೇಲೆ ಎದುರುಬದುರು ಮಾತುಕತೆ ಸುಮಾರು 70 ಶೇಕಡಾ ಕಡಿಮೆಯಾಗಿತ್ತು. ಇಮೇಲ್ ಹೆಚ್ಚಾಗಿತ್ತು. ನಾಲ್ಕು ಜನ ಕೇಳುವ ಕಡೆ ಯಾರು ತಾನೇ ಮನಸ್ಸು ಬಿಚ್ಚಿ ಮಾತಾಡುತ್ತಾರೆ?

ಹಾಗಂತ ಹತ್ತಿರ ಕೂರಿಸುವುದೇ ತಪ್ಪು ಅಂತಲ್ಲ. ಹೊಸ ರಸ್ತೆಗೆ ಡಾಂಬರು ಹಾಕಿದ ಮಾರನೇ ವಾರ ಪೈಪಿಗಾಗಿ ಅದನ್ನೇ ಅಗೆಯುವುದು ಎಲ್ಲರೂ ಕಂಡದ್ದೇ. ನೀರಿನವರೂ ರಸ್ತೆಯವರೂ ಬೇರೆ ಬೇರೆ ಮಹಡಿಯಲ್ಲಿದ್ದರೆ ಇನ್ನೇನಾಗುತ್ತೆ? ಆ ಎರಡು ವಿಭಾಗವನ್ನು ನಾನು ಖಂಡಿತ ಒಂದೇ ಮೇಜಿನ ಸುತ್ತ ತರುತ್ತೇನೆ.

ರಾತ್ರಿ ಕೂತು ನಕ್ಷೆ ತಿದ್ದಿದೆ. ಮೂರನೇ ಮಹಡಿಯ ದೊಡ್ಡ ಸಭಾ ಕೋಣೆ ಐದು ದಿನದಲ್ಲಿ ಒಂದೇ ಒಂದು ಗಂಟೆ ಬಳಕೆಯಾಗಿತ್ತು. ಅದನ್ನು ನಾಲ್ಕು ಸಣ್ಣ ಕೋಣೆ ಮಾಡಿ, ತೆರಿಗೆ ವಿಭಾಗವನ್ನು ಅದರ ಪಕ್ಕಕ್ಕೇ ತಂದೆ. ಒಂದೊಂದರಲ್ಲೂ ಎರಡು ಕುರ್ಚಿ, ಒಂದು ಫೋನು, ಸರಿಯಾಗಿ ಮುಚ್ಚುವ ಬಾಗಿಲು. ಗೋಡೆ ಫಾಲ್ಸ್ ಸೀಲಿಂಗ್‌ಗೇ ನಿಲ್ಲಬಾರದು, ಮೇಲಿನ ಸ್ಲ್ಯಾಬ್ ಮುಟ್ಟಲೇಬೇಕು ಅಂತ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಇಲ್ಲದಿದ್ದರೆ ಮಾತು ಮೇಲಿಂದ ದಾಟಿ ಪಕ್ಕದ ಕೋಣೆಗೆ ಇಳಿಯುತ್ತೆ.

ನಾಳೆ ಇದನ್ನು ಸಾಹೇಬರಿಗೆ ಒಪ್ಪಿಸಬೇಕು. ಅದಕ್ಕೂ ಮೊದಲು ಆ ಮೇಡಂಗೆ ತೋರಿಸುತ್ತೇನೆ.