ಸುಮ್ನೆ ಒಬ್ಬರು ನಿಂತ್ಕೊಂಡು ಮಾತಾಡೋದು ತಾನೆ?

ತಾನೆ ಅಲ್ಲ. ಉತ್ತರ ಇಷ್ಟೇ. ಆದರೆ ಕೇಳುವವರು ಅಲ್ಲಿಗೆ ಬಿಡುವುದಿಲ್ಲ, ಅದಕ್ಕೆ ಒಂದು ಸಲ ಪೂರ್ತಿ ಬರೆದುಬಿಡುತ್ತೇನೆ. ಇನ್ನು ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕಳಿಸುತ್ತೇನೆ.

ತಿಂಗಳಲ್ಲಿ ಎರಡು ಮೂರು ಸಂಜೆ ನಾನು ಮಲ್ಲೇಶ್ವರದಿಂದ ಹಸಿರು ಲೈನ್ ಮೆಟ್ರೊ ಹಿಡಿದು ಜೆ.ಪಿ. ನಗರದ ರಂಗಶಂಕರಕ್ಕೆ ನಾಟಕ ನೋಡಲು ಹೋಗುತ್ತೇನೆ. ಕೆಲವು ಸಲ ಹನುಮಂತನಗರದ ಕೆ.ಎಚ್. ಕಲಾಸೌಧಕ್ಕೆ. ಇನ್ನು ಕೆಲವು ಸಲ ಯಾರದೋ ಮನೆಯ ಮಹಡಿಗೆ, ಅಲ್ಲಿ ನಲವತ್ತು ಪ್ಲಾಸ್ಟಿಕ್ ಕುರ್ಚಿ, ಎರಡು ಲೈಟು, ಒಂದು ಚಾಪೆ. ನಾನು ಹುಡುಕಿಕೊಂಡು ಹೋಗುವುದು ಹೊಸ ಕಿರುನಾಟಕಗಳನ್ನು, ಏಕವ್ಯಕ್ತಿ ಪ್ರಯೋಗಗಳನ್ನು. ಇಪ್ಪತ್ತು ನಿಮಿಷದ್ದು, ಅರ್ಧ ಗಂಟೆಯದ್ದು. ಬರೆದವರಲ್ಲಿ ಜಾಸ್ತಿ ಜನ ಮೂವತ್ತು ದಾಟದವರು. ವಿಷಯ ಸುಮಾರಾಗಿ ಒಂದೇ. ಯಾರೋ ಯಾರನ್ನೋ ಇಷ್ಟಪಟ್ಟಿದ್ದಾರೆ, ಹೇಳಲು ಆಗಿಲ್ಲ. ಇಲ್ಲವೇ ಹೇಳಿದ್ದಾರೆ, ಕೇಳಬೇಕಾದವರು ಕೇಳಿಸಿಕೊಂಡಿಲ್ಲ.

ಇದನ್ನು ಹೇಳಿದ ಕೂಡಲೇ ಆ ಪ್ರಶ್ನೆ ಬರುತ್ತದೆ. ಆಫೀಸಿನಲ್ಲಿ, ಮನೆ ಓನರ್ ಹತ್ತಿರ, ಮದುವೆ ಮನೆಯಲ್ಲಿ. "ಸುಮ್ನೆ ಒಬ್ಬರು ನಿಂತ್ಕೊಂಡು ಮಾತಾಡೋದು ತಾನೆ? ಅದಕ್ಕೆ ಅಷ್ಟು ದೂರ ಹೋಗ್ಬೇಕಾ?" ನನಗೆ ಸಿಟ್ಟು ಬರುವುದು ಅದರಲ್ಲಿರುವ ಸುಮ್ನೆ ಅನ್ನುವ ಮಾತಿಗೆ. ಎರಡು ತಿಂಗಳು ರಾತ್ರಿ ಹತ್ತರವರೆಗೆ ರಿಹರ್ಸಲ್ ಮಾಡಿ, ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುವ ಹುಡುಗಿಯ ಅರ್ಧ ಗಂಟೆಗೆ ಆ ಮಾತನ್ನು ಅಂಟಿಸಬೇಡಿ. "ಪ್ರೀತಿ ಬಗ್ಗೆ ಇನ್ನೇನು ಹೊಸದಿದೆ?" ಅಂತ ಕೇಳುವವರೂ ಇದ್ದಾರೆ. ಅನ್ನ ಸಾರಿನ ಬಗ್ಗೆ ಯಾಕೆ ಹಾಗೆ ಕೇಳುವುದಿಲ್ಲ?

ಹೋದ ಮಳೆಗಾಲದಲ್ಲಿ ಒಂದು ಮಹಡಿಯಲ್ಲಿ ನೋಡಿದ್ದನ್ನು ಹೇಳುತ್ತೇನೆ. ಒಬ್ಬ ಹುಡುಗ. ಬಿ.ಟಿ.ಎಂ. ಲೇಔಟಿನ ಪಿ.ಜಿ. ರೂಮು ಅಂತ ಗೊತ್ತಾಗಲು ಒಂದು ಮಂಚ, ಒಂದು ಬಕೆಟ್, ಅಷ್ಟೇ. ಅವನ ಕೆಲಸ ಹೋಗಿದೆ. ಜೊತೆಗಿದ್ದ ಹುಡುಗಿಯೂ ಬಿಟ್ಟು ಹೋಗಿದ್ದಾಳೆ. ಊರಿನಿಂದ ಅಪ್ಪನ ಫೋನ್ ಬರುತ್ತದೆ. ನಮಗೆ ಕೇಳಿಸುವುದು ಹುಡುಗನ ಮಾತು ಮಾತ್ರ.

"ಊಟ ಆಯ್ತಪ್ಪ. ನಿಂದು?" ಸ್ವಲ್ಪ ಹೊತ್ತು ಸುಮ್ಮನಿರುತ್ತಾನೆ. "ಮಳೆ ಬಂತಾ? ಬೋರಲ್ಲಿ ನೀರು ಬರ್ತಿದೆಯಾ?" ಹಸು ಕರು ಹಾಕಿದ್ದು, ಪಕ್ಕದ ಮನೆಯವರ ಬೇಲಿ, ಸೊಸೈಟಿ ಸಾಲ. ಮತ್ತೆ, "ಬೋರಲ್ಲಿ ನೀರು ಬರ್ತಿದೆಯಾ?" ಮೂರನೇ ಸಲವೂ ಅದನ್ನೇ ಕೇಳುತ್ತಾನೆ. ಆಮೇಲೆ, "ಹೌದಾ, ಆಗ್ಲೇ ಹೇಳಿದ್ಯಾ" ಅನ್ನುತ್ತಾನೆ. ಸುಮ್ಮನಾಗುತ್ತಾನೆ. ತುಂಬಾ ಹೊತ್ತು. ನಲವತ್ತು ಜನ ಉಸಿರು ಹಿಡಿದು ಕೂತಿದ್ದೆವು, ಮೇಲೆ ತಗಡಿನ ಶೀಟಿನ ಮೇಲೆ ಮಳೆ. ಕೊನೆಗೆ ಹೇಳುತ್ತಾನೆ, "ಏನಿಲ್ಲಪ್ಪ. ನೆಗಡಿ."

ಅಪ್ಪ ಏನು ಕೇಳಿರಬೇಕು? ಅದನ್ನು ಯಾರೂ ನಮಗೆ ಹೇಳಲಿಲ್ಲ, ಆದರೂ ಮಹಡಿಯಲ್ಲಿದ್ದ ಪ್ರತಿಯೊಬ್ಬರಿಗೂ ಆ ಅಪ್ಪನ ದನಿ ಕೇಳಿಸಿತು, ಅವರವರ ಅಪ್ಪನ ದನಿಯಲ್ಲೇ.

ನಾಟಕ ಮುಗಿದ ಮೇಲೆ ಮಾತುಕತೆ ಇತ್ತು. ಆ ನಟ ಹೇಳಿದ, ಅಪ್ಪನ ಮಾತುಗಳನ್ನೂ ಪೂರ್ತಿ ಬರೆದು ಬಾಯಿಪಾಠ ಮಾಡಿದ್ದೇನೆ, ಸುಮ್ಮನಿದ್ದಾಗ ಅದನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿರುತ್ತೇನೆ ಅಂತ. ಅದಕ್ಕೇ ಒಂದು ಮೌನ ಚಿಕ್ಕದು, ಇನ್ನೊಂದು ಉದ್ದ. ಎಣಿಸಿಕೊಂಡು ನಿಂತರೆ ಎಲ್ಲ ಮೌನವೂ ಒಂದೇ ಅಳತೆಗೆ ಬರುತ್ತದೆ, ನೋಡುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಹೊರಗೆ ಬರುವಾಗ ಮೆಟ್ಟಿಲ ಹತ್ತಿರ ಅರವತ್ತು ದಾಟಿದವರೊಬ್ಬರು ಫೋನಿನಲ್ಲಿ ಮಾತಾಡುತ್ತಿದ್ದರು. ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದವರು. ಕದ್ದು ಕೇಳುವ ಉದ್ದೇಶ ಇರಲಿಲ್ಲ, ಮೆಟ್ಟಿಲು ಕಿರಿದು, ಅವರು ದಾರಿ ಬಿಡುವವರೆಗೆ ನಿಲ್ಲಲೇಬೇಕಿತ್ತು. "ಏನಿಲ್ಲ ಕಣೋ. ಸುಮ್ನೆ ಮಾಡ್ದೆ" ಅಂದರು. ನಮ್ಮ ಭಾಷೆಯಲ್ಲಿ ಅಪ್ಪ ಮಗನಿಗೆ ಇದಕ್ಕಿಂತ ಜಾಸ್ತಿ ಹೇಳುವುದನ್ನು ನಾನು ಕೇಳಿಲ್ಲ. ಆವತ್ತಿನಿಂದ ಆ ಸುಮ್ನೆ ಬೇರೆ ಪದದ ಹಾಗೆ ಕೇಳುತ್ತದೆ ನನಗೆ. ನೀವು ಪ್ರಶ್ನೆಯಲ್ಲಿ ಹಾಕುವ ಸುಮ್ನೆ ಇದೆಯಲ್ಲ, ಅದರ ಮೇಲಿನ ಸಿಟ್ಟೂ ಜಾಸ್ತಿಯಾಗಿದೆ.

ಇದು ಈಗಿನ ಹುಡುಗರ ಶೋಕಿ ಅನ್ನುವವರಿಗೆ ಒಂದು ಮಾತು. ಸ್ವೀಡನ್ನಿನ ನಾಟಕಕಾರ ಸ್ಟ್ರಿಂಡ್‌ಬರ್ಗ್ 1889ರಲ್ಲೇ ಇಬ್ಬರು ಹೆಂಗಸರನ್ನು ಒಂದು ಕೆಫೆಯ ಟೇಬಲ್ಲಿಗೆ ಕೂರಿಸಿ, ಒಬ್ಬಳ ಬಾಯಿಗೆ ಮಾತ್ರ ಮಾತು ಕೊಟ್ಟ. ಇನ್ನೊಬ್ಬಳು ಕೊನೆಯವರೆಗೂ ತುಟಿ ಬಿಚ್ಚುವುದಿಲ್ಲ, ಮಾತಾಡುವವಳಿಗೆ ತನ್ನ ಗಂಡನ ಗುಟ್ಟು ತಿಳಿಯುವುದು ಅವಳ ಆ ಮೌನದಿಂದಲೇ. ಫ್ರಾನ್ಸಿನ ಕಾಕ್ತೋ 1930ರಲ್ಲಿ ಒಬ್ಬ ಹೆಂಗಸು, ಒಂದು ಟೆಲಿಫೋನು ಇಟ್ಟುಕೊಂಡು ಇಡೀ ನಾಟಕ ಮಾಡಿದ. ನಮ್ಮ ಗಿರೀಶ ಕಾರ್ನಾಡರ 'ಒಡಕಲು ಬಿಂಬ'ದಲ್ಲಿ ಲೇಖಕಿಯೊಬ್ಬಳನ್ನು ಟಿವಿ ಪರದೆಯ ಮೇಲಿನ ಅವಳದೇ ಬಿಂಬ ಪ್ರಶ್ನೆ ಕೇಳಿ ಕೇಳಿ ಸುಸ್ತು ಮಾಡುತ್ತದೆ. ಅರುಂಧತಿ ನಾಗ್ ಅದನ್ನು ಮಾಡಿದ್ದಾರೆ. ರಂಗದ ಮೇಲೆ ಒಬ್ಬರೇ. ಆದರೆ ಸತ್ತ ತಂಗಿ, ಗಂಡ, ಎಲ್ಲರೂ ಬಂದು ಹೋಗುತ್ತಾರೆ.

ಎಲ್ಲವೂ ಚೆನ್ನಾಗಿರುತ್ತದೆ ಅಂತ ಹೇಳುತ್ತಿಲ್ಲ. ಹತ್ತು ನೋಡಿದರೆ ಆರು ಕೆಟ್ಟದಾಗಿರುತ್ತವೆ. ಬರೆದವರಿಗೆ ನಮ್ಮ ಮೇಲೆ ನಂಬಿಕೆ ಇರುವುದಿಲ್ಲ, ಎಲ್ಲವನ್ನೂ ತಾವೇ ಹೇಳಿ ಮುಗಿಸುತ್ತಾರೆ. ನಟರು ನಮಗಿಂತ ಮೊದಲು ಅಳುತ್ತಾರೆ, ಆಮೇಲೆ ನಮಗೆ ಅಳಲು ಏನೂ ಉಳಿದಿರುವುದಿಲ್ಲ. ಪಿಟೀಲು ಹಾಕುತ್ತಾರೆ. ಹಾಕಬಾರದು.

ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ಒಳಗೆ ಬಿಡುವುದಿಲ್ಲ, ಐದು ನಿಮಿಷಕ್ಕೆ ಎಷ್ಟು ಜಂಬ ಅಂತ ನನ್ನ ಆಫೀಸಿನವರೊಬ್ಬರು ಈಗಲೂ ಬೈಯುತ್ತಾರೆ. ಸ್ವಾಮಿ, ಇಪ್ಪತ್ತೈದು ನಿಮಿಷದ ನಾಟಕದಲ್ಲಿ ಮಾತು ಯಾರ ಕಡೆ ಹೋಗುತ್ತಿದೆ ಅನ್ನುವುದು ಗೊತ್ತಾಗುವುದೇ ಆ ಐದು ನಿಮಿಷದಲ್ಲಿ. ಅದು ತಪ್ಪಿದರೆ ನಿಮಗೆ ಕಾಣುವುದು ಸುಮ್ನೆ ಒಬ್ಬರು ನಿಂತ್ಕೊಂಡು ಮಾತಾಡೋದು.

ನನ್ನನ್ನು ಕೇಳಬೇಕಾದ ಪ್ರಶ್ನೆಯೂ ಅದೇ. ಕಥೆ ಏನು, ಟಿಕೆಟ್ ಎಷ್ಟು, ಯಾರ್ಯಾರಿದ್ದರು ಅಂತೆಲ್ಲ ಕೇಳುತ್ತೀರಿ. ಅವರು ಯಾರ ಹತ್ತಿರ ಮಾತಾಡುತ್ತಿದ್ದರು ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಕೇಳಿ ನೋಡಿ, ರಾತ್ರಿಯೆಲ್ಲ ಕೂತು ಹೇಳುತ್ತೇನೆ.

ಆ ಪ್ರಶ್ನೆಯ ಹತ್ತಿರಕ್ಕೆ ಬಂದವರು ಅಂದರೆ ನಮ್ಮ ಚಿಕ್ಕಮ್ಮ. ಬಸವನಗುಡಿಯ ಒಂದು ಮದುವೆಯಲ್ಲಿ, ಎಲೆ ಮುಂದೆ ಕೂತಾಗ, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಅಂದರು, "ಒಬ್ಬರೇ ಮಾತಾಡೋದಾ? ನಮ್ಮನೇಲಿ ಮೂವತ್ತು ವರ್ಷದಿಂದ ದಿನಾ ನಡೀತಿದೆ. ಟಿಕೆಟ್ ಇಲ್ಲ, ಬಂದು ನೋಡು." ಸಾಲಿನಲ್ಲಿದ್ದವರೆಲ್ಲ ನಕ್ಕರು. ಚಿಕ್ಕಪ್ಪನೂ ನಕ್ಕರು. ನನಗೆ ಆ ಹೊತ್ತಿಗೆ ಸಿಟ್ಟು ಬಂತು, ನನ್ನ ನಾಟಕವನ್ನು ಆಡಿಕೊಂಡರು ಅಂತ. ಮನೆಗೆ ಬಂದ ಮೇಲೆ ಆ ಮೂವತ್ತು ವರ್ಷ ತಲೆಯಿಂದ ಹೋಗಲಿಲ್ಲ.

ಮಾರನೇ ವಾರ ಫೋನ್ ಮಾಡಿದೆ. "ಚಿಕ್ಕಮ್ಮ, ಅಡುಗೆ ಮನೆಯಿಂದ ಅಷ್ಟೊಂದು ಮಾತಾಡ್ತೀರಲ್ಲ, ಚಿಕ್ಕಪ್ಪನಿಗೆ ಏನು ಹೇಳ್ತಿರ್ತೀರಿ?"

ಆ ಕಡೆ ನಲ್ಲಿ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು, ದನಿ ತಗ್ಗಿಸಿ ಕೇಳಿದರು, "ಯಾಕೆ, ಅವರೇನಾದ್ರೂ ಹೇಳಿದ್ರಾ?"