ತೊಳೆದಷ್ಟೂ ಜಾಸ್ತಿಯಾದ ತುರಿಕೆ

“ಚೊಕ್ಕವಾಗಿ ತೊಳೀದೆ ಇರೋಕಾಗುತ್ತಾ ಡಾಕ್ಟ್ರೇ?” ಮೊನ್ನೆ ಸೋಮವಾರಪೇಟೆಯಲ್ಲಿ ಡಾಕ್ಟರ ಹತ್ತಿರ ಹೋದಾಗ ನಮ್ಮ ದೊಡ್ಡಮ್ಮ ಕೇಳಿದ ಮಾತಿದು. ಇನ್ನೂ ಕಿವಿಯಲ್ಲೇ ಇದೆ.

ಮಳೆ ಹಿಡಿದಾಗಿನಿಂದ ಅವರಿಗೆ ಮಲದ್ವಾರದ ಸುತ್ತ ವಿಪರೀತ ಕಡಿತ. ರಾತ್ರಿಯೆಲ್ಲ ನಿದ್ದೆ ಇಲ್ಲ. ಮಗನಿಗೂ ಹೇಳಿಲ್ಲ, ಸೊಸೆಗೂ ಹೇಳಿಲ್ಲ. ಮೆಡಿಕಲ್‌ಗೆ ಹೋಗಿ “ತುರಿಕೆಗೆ ಏನಾದ್ರೂ ಕೊಡಪ್ಪಾ” ಅಂದಿದ್ದಾರೆ. ಎಲ್ಲಿ ಅಂತ ಅವನು ಕೇಳಲಿಲ್ಲ, ಇವರು ಹೇಳಲಿಲ್ಲ. ಕೊಟ್ಟ ಟ್ಯೂಬಿನಲ್ಲಿ ಸ್ಟೀರಾಯ್ಡ್ ಇತ್ತು. ಹಚ್ಚಿದಾಗ ಹಾಯೆನಿಸುತ್ತೆ, ಬಿಟ್ಟರೆ ಮತ್ತೆ ಶುರು. ಸುಮ್ನೆ ಹಚ್ಚುತ್ತಾ ಹೋದರೆ ಮೊದಲೇ ನಾಜೂಕಾದ ಚರ್ಮ ಇನ್ನೂ ತೆಳುವಾಗುತ್ತೆ. ಚೀಟಿ ಇಲ್ಲದೆ ಇಂಥದ್ದನ್ನು ಕೊಡುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ಡಾಕ್ಟರಮ್ಮ ಒಳ್ಳೆಯವರು. ಅವಸರ ಮಾಡಲಿಲ್ಲ. ರಕ್ತ ಹೋಗುತ್ತಾ, ಶುಗರ್ ಇದೆಯಾ, ಮೂಲವ್ಯಾಧಿ ಇತ್ತಾ, ಮನೆಯ ಮಕ್ಕಳೂ ರಾತ್ರಿ ಕೆರೆದುಕೊಳ್ಳುತ್ತಾರಾ ಅಂತೆಲ್ಲ ಕೇಳಿದರು. ಮಕ್ಕಳಲ್ಲಾದರೆ ಬಿಳಿ ದಾರದಂಥ ಹುಳವೇ ಜಾಸ್ತಿ. ಹೆಣ್ಣು ಹುಳ ರಾತ್ರಿ ಹೊರಗೆ ಬಂದು ಮಲದ್ವಾರದ ಸುತ್ತ ಮೊಟ್ಟೆ ಇಡುತ್ತೆ, ಅದಕ್ಕೇ ಆ ಹೊತ್ತಿಗೆ ಕಡಿತ. ಮನೆಯವರೆಲ್ಲ ಒಟ್ಟಿಗೆ ಮಾತ್ರೆ ತಗೊಂಡು, 2 ವಾರ ಬಿಟ್ಟು ಇನ್ನೊಮ್ಮೆ ತಗೋಬೇಕಂತೆ. ಉಗುರು ಕತ್ತರಿಸಿ, ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಒಗೀಬೇಕು.

ದೊಡ್ಡಮ್ಮನದು ಹುಳ ಅಲ್ಲ. ಪರೀಕ್ಷೆ ಮಾಡಿದ ಮೇಲೆ ಡಾಕ್ಟರ್ ಕೇಳಿದ್ದು, “ಸೋಪು ಹಾಕಿ ಉಜ್ಜುತ್ತೀರಾ ಅಮ್ಮಾ?” ಆಗ ಬಂದ ಉತ್ತರವೇ ಆ ಮಾತು. ಪ್ರತಿ ಸಲವೂ ಸೋಪು, ಮೇಲೆ ಬಿಸಿನೀರು, ಆಮೇಲೆ ಒರಟು ಟವೆಲ್. ಗಲೀಜು ಅಂತ ಹೆದರಿ ಉಜ್ಜಿದ್ದಾರೆ. ಉಜ್ಜಿದಷ್ಟೂ ಚರ್ಮ ಕೆರಳಿದೆ, ಕೆರಳಿದಷ್ಟೂ ಇನ್ನೂ ಉಜ್ಜಿದ್ದಾರೆ. ಪಾಪ, ಅಷ್ಟು ಶಿಸ್ತಿನ ಹೆಂಗಸು.

ಈಗ ಬರೀ ತಣ್ಣೀರು. ಮೆತ್ತಗಿನ ಬಟ್ಟೆಯಲ್ಲಿ ಒತ್ತಿ ಒರೆಸಬೇಕು. ಜಿಂಕ್ ಆಕ್ಸೈಡ್ ಮುಲಾಮು, ಸಡಿಲ ಹತ್ತಿ ಬಟ್ಟೆ. ಕಾಫಿ, ಖಾರ ಸ್ವಲ್ಪ ದಿನ ಕಡಿಮೆ. “ಕಾಫಿನೂನಾ?” ಅಂತ ದೊಡ್ಡಮ್ಮ ಮುಖ ಸಣ್ಣ ಮಾಡಿದರು. ತೋಟದ ನಡುವೆ ಬೆಳೆದವರಿಗೆ ಹಾಗೆ ಹೇಳಿದರೆ ಇನ್ನೇನಾಗುತ್ತೆ? ರಕ್ತ, ಗಂಟು ಕಂಡರೆ, ತುರಿಕೆ ವಾರಗಟ್ಟಲೆ ಹೋಗದಿದ್ದರೆ ತಡಮಾಡದೆ ಬನ್ನಿ ಅಂತಲೂ ಹೇಳಿದರು.

ಮನೆಗೆ ಬಂದು ನೋಡಿದರೆ ಇನ್ನೊಂದು ಸಂಗತಿ. ನಮ್ಮ ಕಡೆ ಮಳೆಗಾಲದಲ್ಲಿ ಬಟ್ಟೆ ಒಣಗೋದೇ ದೊಡ್ಡ ಕಷ್ಟ ಅಲ್ವಾ? ಗಂಡಸರ ಷರ್ಟು, ಮಕ್ಕಳ ಯೂನಿಫಾರ್ಮ್ ಒಲೆಯ ಮೇಲಿನ ಹಗ್ಗದಲ್ಲಿ ಗರಿಗರಿಯಾಗಿ ಒಣಗುತ್ತವೆ. ದೊಡ್ಡಮ್ಮನ ಒಳಬಟ್ಟೆ ಮಾತ್ರ ಬಚ್ಚಲ ಮೂಲೆಯಲ್ಲಿ, ಟವೆಲ್ ಕೆಳಗೆ ಅಡಗಿಸಿಟ್ಟು, ಮುಟ್ಟಿದರೆ ತಂಪು. ಆ ಒದ್ದೆಯನ್ನೇ ಉಟ್ಟು ದಿನ ಕಳೆದಿದ್ದಾರೆ. ಅವರ ಮಗ ಕೆಟ್ಟವನಲ್ಲ, ಅಮ್ಮನ ಬಿಪಿ ಮಾತ್ರೆ ಒಂದು ದಿನವೂ ತಪ್ಪಿಸಲ್ಲ. ಆದರೆ ಆ ಮನೆಯಲ್ಲಿ ಹೆಂಗಸರ ಬಟ್ಟೆಗೆ ಒಲೆ ಹತ್ತಿರ ಜಾಗ ಇಲ್ಲ. ಸೊಸೆಗೆ ನೇರವಾಗಿ ಹೇಳಿದೆ. ಅವಳು ಅವತ್ತು ಸಂಜೆಯೇ ಇನ್ನೊಂದು ಹಗ್ಗ ಕಟ್ಟಿದಳು, ತನ್ನ ಬಟ್ಟೆಯನ್ನೂ ಅಲ್ಲೇ ಹಾಕಿದಳು.